ಉಗುರಿನ ಏಟಲ್ಲಿ ಉಳಿದ ಇತಿಹಾಸ

2024ರಲ್ಲಿ ಬಂದ ಬಿಯಾನ್ಸೆಯ 'ಟೆಕ್ಸಸ್ ಹೋಲ್ಡ್ ಎಮ್' ಹಾಡು ನಿಮ್ಮ ರೀಲ್ಸ್‌ನಲ್ಲೂ ಓಡಾಡಿರುತ್ತೆ. ಶುರುವಿನಲ್ಲೇ ಟಣಟಣ ಅನ್ನೋದು ಬ್ಯಾಂಜೋ. ನುಡಿಸಿದವರು ರಿಯಾನನ್ ಗಿಡೆನ್ಸ್. 'ಕಂಟ್ರಿ ಸಂಗೀತದಲ್ಲಿ ಕಪ್ಪು ಜನರಿಗೇನು ಕೆಲಸ' ಅಂತ ಆಗ ಕೆಲವರು ಮೂಗು ಮುರಿದ್ರು. ಅದಕ್ಕೆ ಉತ್ತರ ನನಗೆ ಸಿಕ್ಕಿದ್ದು ಬ್ಯಾಂಜೋ ನುಡಿಸೋರ ಬಲಗೈಯಲ್ಲಿ.

ನಮ್ಮ ಕಡೆ ಬ್ಯಾಂಜೋ ಅಂತ ಕರೆಯೋ, ಗುಂಡಿ ಒತ್ತಿ ನುಡಿಸೋ ಬುಲ್‌ಬುಲ್ ತರಂಗ್ ಬೇರೆ. ಇದು ಚರ್ಮ ಬಿಗಿದ ದುಂಡನೆಯ ವಾದ್ಯ. ಐದು ತಂತಿ, ಅದರಲ್ಲೊಂದು ಗಿಡ್ಡ, ಹೆಬ್ಬೆರಳಿನ ಪಕ್ಕದಲ್ಲೇ ಇರುತ್ತೆ. ಹಳೇ ಶೈಲಿಯಲ್ಲಿ ತಂತಿಯನ್ನು ಮೇಲಕ್ಕೆ ಎಳೆಯೋದಿಲ್ಲ. ಕೈ ಅರ್ಧ ಮುಷ್ಟಿ ಮಾಡಿ, ಉಗುರಿನಿಂದ ಕೆಳಕ್ಕೆ ಹೊಡೀತಾರೆ. ಕೈ ಏಳುವಾಗ ಹೆಬ್ಬೆರಳು ಗಿಡ್ಡ ತಂತಿಯನ್ನು ಮೀಟುತ್ತೆ. ಇದಕ್ಕೆ ಕ್ಲಾಹ್ಯಾಮರ್, ಫ್ರೇಲಿಂಗ್ ಅಂತೆಲ್ಲ ಹೆಸರು. 1855ರ ಬ್ರಿಗ್ಸ್ ಬ್ಯಾಂಜೋ ಕೈಪಿಡಿಯಲ್ಲೂ ಇದೇ ಪಾಠ ಇದೆ.

ಈಗ ಪಶ್ಚಿಮ ಆಫ್ರಿಕಾಕ್ಕೆ ಬನ್ನಿ. ಗ್ಯಾಂಬಿಯಾ, ಸೆನೆಗಲ್‌ನ ಜೋಲಾ ಜನರ ಬಳಿ 'ಅಕೊಂಟಿಂಗ್' ಅನ್ನೋ ಸೋರೆ ಬುರುಡೆಯ ವಾದ್ಯ ಇದೆ. ಅಲ್ಲೂ ಗಿಡ್ಡ ತಂತಿ, ಅಲ್ಲೂ ಉಗುರಿನ ಏಟು, ಅದೇ ಹೆಬ್ಬೆರಳು! ಗ್ಯಾಂಬಿಯಾದ ಡ್ಯಾನಿಯಲ್ ಜಟ್ಟಾ ಈ ಹೋಲಿಕೆಯನ್ನು ಜಗತ್ತಿನ ಮುಂದಿಟ್ಟರು. ಬ್ಯಾಂಜೋಗೆ ಅಕೊಂಟಿಂಗ್ ಒಂದೇ ಮೂಲ ಅಂತ ನಾನು ಹೇಳ್ತಿಲ್ಲ. ಆದರೆ ಗುಲಾಮರಾಗಿ ಅಟ್ಲಾಂಟಿಕ್ ದಾಟಿಸಲ್ಪಟ್ಟ ಜನ ಕೈಯಲ್ಲಿ ಏನೂ ತರಲಾಗದಿದ್ದರೂ, ಕೈಯ ಅಭ್ಯಾಸ ತಂದಿದ್ದರು.

ಹಳೇ ರೆಕಾರ್ಡಿಂಗ್‌ಗಳನ್ನು ಕೇಳ್ತಾ ಹೋದಾಗ ಗೊತ್ತಾಯ್ತು, ಈ ಏಟು ಊರಿಂದ ಊರಿಗೆ ಬೇರೆ ಅಂತ. ಉತ್ತರ ಕೆರೊಲಿನಾದ ರೌಂಡ್ ಪೀಕ್‌ನಲ್ಲಿ ಕುಣಿತಕ್ಕೆ ಪಿಟೀಲು ಜೊತೆಗಿರಬೇಕು. ಹಾಗಾಗಿ ಟಾಮಿ ಜಾರೆಲ್, ಫ್ರೆಡ್ ಕಾಕರ್‌ಹ್ಯಾಮ್ ಅಂಥವರ ಹೆಬ್ಬೆರಳು ಒಳಗಿನ ತಂತಿಗಳಿಗೂ ಇಳಿದು, ಪಿಟೀಲಿನ ಸ್ವರಗಳ ಬೆನ್ನು ಹತ್ತುತ್ತೆ. ಕೆಂಟಕಿಯ ಬೆಟ್ಟಗಳಲ್ಲಿ ಒಬ್ಬರೇ ಕೂತು ಹಾಡಿಕೊಂಡು ನುಡಿಸೋರು ಬಹಳ. ಹಾಡಿಗೆ ತಕ್ಕಂತೆ ತಂತಿಗಳ ಶ್ರುತಿಯನ್ನೇ ಬದಲಾಯಿಸ್ತಾರೆ. ಯಾರ ಜೊತೆ ನುಡಿಸ್ತೀರಿ, ಯಾಕೆ ನುಡಿಸ್ತೀರಿ ಅನ್ನೋದೇ ಶೈಲಿಯನ್ನು ರೂಪಿಸಿದೆ.

ಹಾಗಾದ್ರೆ ಕಪ್ಪು ವಾದಕರು ಎಲ್ಲಿ ಮರೆಯಾದರು? 19ನೇ ಶತಮಾನದಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಬ್ಯಾಂಜೋ ಹಿಡಿದು ಅವರನ್ನೇ ಅಣಕಿಸಿದರು. 1920ರ ದಶಕದ ರೆಕಾರ್ಡ್ ಕಂಪನಿಗಳು ಬಿಳಿಯರ ಹಳ್ಳಿ ಸಂಗೀತಕ್ಕೊಂದು, ಕಪ್ಪು ಜನರ ಬ್ಲೂಸ್‌ಗೊಂದು ಪಟ್ಟಿ ಮಾಡಿದವು. ಬ್ಯಾಂಜೋ ಹಿಡಿದ ಕಪ್ಪು ಕೈಗೆ ಎರಡರಲ್ಲೂ ಜಾಗ ಸಿಕ್ಕಿದ್ದು ಅಪರೂಪ.

ಆದರೂ ಕೆಲವು ಮನೆಗಳಲ್ಲಿ ಅದು ಉಳಿದಿತ್ತು. ಉತ್ತರ ಕೆರೊಲಿನಾದ ಪಿಟೀಲುವಾದಕ ಜೋ ಥಾಂಪ್ಸನ್ ಅಜ್ಜನಿಗೆ ಆಗ ಎಂಬತ್ತು ದಾಟಿತ್ತು. ಗಿಡೆನ್ಸ್ ಮತ್ತು ಗೆಳೆಯರು ಅವರ ಮನೆಗೆ ಹೋಗಿ, ಎದುರು ಕೂತು ಕಲಿತರು. 'ಕೆರೊಲಿನಾ ಚಾಕೊಲೇಟ್ ಡ್ರಾಪ್ಸ್' ತಂಡ ಕಟ್ಟಿದರು, 2011ರಲ್ಲಿ ಗ್ರ್ಯಾಮಿ ಗೆದ್ದರು.

ಇವತ್ತು ಬಿಯಾನ್ಸೆಯ ಆ ಹಾಡು ಮತ್ತೆ ಹಾಕಿ. ಮೊದಲ ಕೆಲವು ಸೆಕೆಂಡ್ ಸ್ಕಿಪ್ ಮಾಡಬೇಡಿ.