ಎರಡು ಹಳೆಯ ಜೀಪು ವ್ಯಾಪಾರಗಳು: ಒಂದು ದೇಶದ್ದು, ಒಂದು ನಮ್ಮ ಮನೆಯದು

ಕಳೆದ ಮಳೆಗಾಲಕ್ಕೆ ಮುನ್ನ ನನ್ನ ಅಕ್ಕನ ಮೊಮ್ಮಗ ಮನೆಗೆ ಬಂದು, "ಅಜ್ಜ, ಶಿವಮೊಗ್ಗಕ್ಕೆ ಹೋಗಿ ಬರೋಣ, ಒಂದು ಗಾಡಿ ನೋಡಬೇಕು" ಎಂದ. ಅಡಿಕೆ ತೋಟದ ಕೆಲಸಕ್ಕೆ ಹಿಂಭಾಗ ತೆರೆದಿರುವ, ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಪಿಕಪ್ ವಾಹನವೊಂದು ಅವನಿಗೆ ಬೇಕಿತ್ತು. 2016ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ಇಸುಜು ವಿ-ಕ್ರಾಸ್ ಎಂಬ ವಾಹನ, ಒಬ್ಬರ ಕೈಯಲ್ಲಿ ಆರು ವರ್ಷ ಓಡಿದ್ದು, ಮಾರಾಟಕ್ಕಿದೆಯೆಂದು ತಿಳಿಸಿದ. ವಾಹನಗಳ ವಿಷಯದಲ್ಲಿ ನಾನು ಪಂಡಿತನಲ್ಲ. ಮೂವತ್ತಮೂರು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಹೇಳಿದವನು. ಆದರೂ ಬರುತ್ತೇನೆಂದೆ. ಏಕೆ ಬರುತ್ತೇನೆಂದು ಅವನಿಗೆ ಆಗ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ. ಆದರೆ ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು, ಓದುಗರು ತಾಳ್ಮೆಯಿಂದಿರಬೇಕು.

ಜೀಪು ಎಂಬುದು ಯುದ್ಧದ ಕೂಸು. 1940ರ ಬೇಸಿಗೆಯಲ್ಲಿ ಅಮೆರಿಕದ ಸೇನೆಯು ನಾಲ್ಕು ಚಕ್ರಗಳಿಗೂ ಚಾಲನೆಯುಳ್ಳ ಹಗುರವಾದ ಸಣ್ಣ ವಾಹನವೊಂದನ್ನು ಬಯಸಿ ತಯಾರಕರಿಗೆ ಕರೆ ಕೊಟ್ಟಿತು. ಮೊದಲ ಮಾದರಿಯನ್ನು ಒಪ್ಪಿಸಲು ಕೊಟ್ಟ ಅವಧಿ ಕೇವಲ 49 ದಿನ. ಬಾಂಟಮ್ ಎಂಬ ಚಿಕ್ಕ ಕಂಪನಿ ಕಾರ್ಲ್ ಪ್ರೋಬ್ಸ್ಟ್ ಎಂಬ ಎಂಜಿನಿಯರನ ಸಹಾಯದಿಂದ ಆ ಸೆಪ್ಟೆಂಬರಿನಲ್ಲೇ ಮಾದರಿಯನ್ನು ತಂದು ನಿಲ್ಲಿಸಿತು. ಆದರೆ ಸೇನೆಗೆ ಬೇಕಾದಷ್ಟು ಸಂಖ್ಯೆಯಲ್ಲಿ ತಯಾರಿಸುವ ಸಾಮರ್ಥ್ಯ ಅದಕ್ಕೆ ಇರಲಿಲ್ಲವಾಗಿ ಕೆಲಸವು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳ ಪಾಲಾಯಿತು. ಯುದ್ಧ ಮುಗಿಯುವುದರೊಳಗೆ ಅವೆರಡೂ ಸೇರಿ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ಕಟ್ಟಿದವು. ಮೊದಲು ಕಲ್ಪಿಸಿಕೊಂಡ ಬಾಂಟಮ್‌ನ ಹೆಸರು ಇಂದು ಯಾರ ಬಾಯಲ್ಲೂ ಇಲ್ಲ. ಇತಿಹಾಸದಲ್ಲಿ ಇಂಥದ್ದು ಹೊಸತೇನಲ್ಲ.

ಬರ್ಮಾ ಗಡಿಯ ಯುದ್ಧಕ್ಕಾಗಿ ಈ ವಾಹನಗಳು ಭಾರತಕ್ಕೂ ಬಂದವು. ಯುದ್ಧ ಮುಗಿದ ಮೇಲೆ ಹೊತ್ತುಕೊಂಡು ಹೋಗುವುದಕ್ಕಿಂತ ಇಲ್ಲೇ ಮಾರುವುದು ಲೇಸೆಂದು, ಸೇನೆಯ ಹೆಚ್ಚುವರಿ ಸಾಮಾನುಗಳೆಲ್ಲ ಹರಾಜಿನ ಪಾಲಾದವು. ಕಂಟ್ರಾಕ್ಟರುಗಳು, ಎಸ್ಟೇಟಿನ ದೊರೆಗಳು, ಮರದ ವ್ಯಾಪಾರಿಗಳು ಅವನ್ನು ಕೊಂಡರು. ನಮ್ಮ ಮಲೆನಾಡಿನಲ್ಲಿ 'ಮಿಲ್ಟ್ರಿ ಜೀಪು' ಎಂಬ ಮಾತು ಹೀಗೆ ಬಂದದ್ದು. ಇತ್ತ 1945ರ ಅಕ್ಟೋಬರಿನಲ್ಲಿ ಲೂಧಿಯಾನದಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಹುಟ್ಟಿದ ಮಹೀಂದ್ರ ಅಂಡ್ ಮಹಮ್ಮದ್ ಸಂಸ್ಥೆಯು, ಪಾಲುದಾರರಾದ ಗುಲಾಂ ಮಹಮ್ಮದರು ದೇಶವಿಭಜನೆಯಾದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಅರ್ಥಸಚಿವರಾದದ್ದರಿಂದ, 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸುವ ಕೆಲಸ ಅವರದಾಯಿತು. ಆ ವಂಶದ ಕುಡಿಗಳು ನಮ್ಮ ಘಟ್ಟದ ರಸ್ತೆಗಳಲ್ಲಿ ಇಂದಿಗೂ ಓಡುತ್ತಿವೆ.

ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣ ಹಳೆಯ ಜೀಪುಗಳ ಖರೀದಿಯದೇ ಎಂಬುದು ನನ್ನ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ನಗು ತರಿಸುತ್ತಿತ್ತು. ನನಗೆ ನಗು ಬರುತ್ತಿರಲಿಲ್ಲ.

1948ರಲ್ಲಿ ಕಾಶ್ಮೀರದಲ್ಲಿ ಯುದ್ಧ ನಡೆದಿತ್ತು. ಸೇನೆಗೆ ಜೀಪುಗಳು ತುರ್ತಾಗಿ ಬೇಕಿದ್ದವು. ಲಂಡನ್ನಿನಲ್ಲಿ ನಮ್ಮ ಹೈಕಮಿಷನರಾಗಿದ್ದ ವಿ. ಕೆ. ಕೃಷ್ಣ ಮೆನನ್ನರು ಅಲ್ಲಿನ ಒಂದು ಸಂಸ್ಥೆಯೊಡನೆ 2000 ಜೀಪುಗಳಿಗೆ, ಸುಮಾರು 80 ಲಕ್ಷ ರೂಪಾಯಿಗಳ ಒಪ್ಪಂದ ಮಾಡಿಕೊಂಡರು. ಅವು ಹೊಸವಲ್ಲ, ಬಳಸಿ ದುರಸ್ತಿ ಮಾಡಿದವು. ಎಂದಿನ ಖರೀದಿಯ ನಿಯಮಗಳನ್ನು ಬದಿಗಿಟ್ಟು, ದೊಡ್ಡ ಮೊತ್ತವನ್ನು ಮುಂಗಡವಾಗಿಯೇ ಕೊಡಲಾಯಿತು. ಕೊನೆಗೆ ಮದರಾಸಿನ ಬಂದರಿಗೆ ಬಂದು ಇಳಿದವು 155 ಮಾತ್ರ. ಪರೀಕ್ಷಿಸಿದ ಸೇನೆಯವರು ಅವು ಬಳಕೆಗೆ ಯೋಗ್ಯವಲ್ಲವೆಂದರು. ಸಂಸತ್ತಿನಲ್ಲಿ ಕೋಲಾಹಲವಾಯಿತು. ಸಾರ್ವಜನಿಕ ಲೆಕ್ಕಪತ್ರ ಸಮಿತಿ ಕಟುವಾಗಿ ಬರೆಯಿತು. 1955ರ ಸೆಪ್ಟೆಂಬರ್ 30ರಂದು ಗೋವಿಂದ ವಲ್ಲಭ ಪಂತರು, ಸರ್ಕಾರದ ಮಟ್ಟಿಗೆ ಈ ಪ್ರಕರಣ ಮುಗಿಯಿತೆಂದು ಸಾರಿದರು. ಮರುವರ್ಷದ ಫೆಬ್ರವರಿಯಲ್ಲಿ ಮೆನನ್ನರು ಕೇಂದ್ರ ಸಂಪುಟ ಸೇರಿದರು. 1957ರಲ್ಲಿ ರಕ್ಷಣಾ ಸಚಿವರಾದರು.

ಮೆನನ್ನರು ಈ ವ್ಯವಹಾರದಲ್ಲಿ ಸ್ವಂತಕ್ಕೆ ಹಣ ಮಾಡಿಕೊಂಡರೆಂದು ಯಾರೂ ಸಾಬೀತುಪಡಿಸಲಿಲ್ಲ. ನಾನು ಹಾಗೆ ಆರೋಪಿಸುವವನೂ ಅಲ್ಲ. ತುರ್ತು ಇತ್ತು, ಹಣ ಕಡಮೆ ಇತ್ತು, ಮಾರುವವನ ಮಾತು ಇಂಪಾಗಿತ್ತು. ಈ ಮೂರೂ ಒಟ್ಟಿಗೆ ಕೂಡಿದಾಗ ಬುದ್ಧಿವಂತರೂ ಹೇಗೆ ಮೋಸಹೋಗುತ್ತಾರೆಂಬುದನ್ನು ನಾನು ಪುಸ್ತಕದಲ್ಲಿ ಓದುವುದಕ್ಕೆ ಎಷ್ಟೋ ಮುಂಚೆ ನಮ್ಮ ಮನೆಯ ಅಂಗಳದಲ್ಲೇ ಕಂಡಿದ್ದೆ.

ನಮ್ಮದು ಆಗುಂಬೆ ಕಡೆಯ ಹಳ್ಳಿ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರು ಮಳೆ ಬೀಳುವ ಸೀಮೆ. ಟಾರು ರಸ್ತೆಗೆ ಎರಡೂವರೆ ಮೈಲಿ. ನಡುವೆ ಒಂದು ಹಳ್ಳ, ಹಳ್ಳ ದಾಟಿದೊಡನೆ ಕೆಂಪು ಜೇಡಿಯ ಕಡಿದಾದ ಏರು. ಮಳೆಗಾಲದಲ್ಲಿ ಎತ್ತಿನ ಗಾಡಿಯೂ ಆ ಏರನ್ನು ಹತ್ತುತ್ತಿರಲಿಲ್ಲ. 1966ರಲ್ಲಿ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬರುವುದೆಂದು ನಿಶ್ಚಯವಾದಾಗ ಅಪ್ಪಯ್ಯ ಮನಸ್ಸಿನಲ್ಲೇ ಲೆಕ್ಕ ಹಾಕಿದರು: ಆಷಾಢದಲ್ಲಿ ದಿನ ತುಂಬುತ್ತದೆ. ಅಡಿಕೆ ಮಾರಿದ ಹಣಕ್ಕೆ ಸ್ವಲ್ಪ ಸಾಲ ಸೇರಿಸಿ, 4200 ರೂಪಾಯಿ ಕೊಟ್ಟು, ಕಂಟ್ರಾಕ್ಟರರೊಬ್ಬರಿಂದ ಒಂದು ಮಿಲ್ಟ್ರಿ ಜೀಪು ಕೊಂಡು ತಂದರು.

ಅದು ಅಂಗಳಕ್ಕೆ ಬಂದ ದಿನ ಊರೇ ಸೇರಿತ್ತು. ಯುದ್ಧಕಾಲದ ಜೀಪಾದ್ದರಿಂದ ಚಾಲಕನ ಆಸನ ಎಡಗಡೆ. ಪೆಟ್ರೋಲಿನ ತೊಟ್ಟಿ ಆ ಆಸನದ ಕೆಳಗೇ. ಪೆಟ್ರೋಲು ಹಾಕಬೇಕಾದರೆ ಚಾಲಕನು ಎದ್ದು ಮೆತ್ತೆ ಎತ್ತಬೇಕು. ಬಾಗಿಲುಗಳಿಲ್ಲ, ಮುಂದಿನ ಗಾಜನ್ನು ಮಡಚಿ ಬಾನೆಟ್ಟಿನ ಮೇಲೆ ಮಲಗಿಸಬಹುದು. ಗೇರಿನ ಉದ್ದ ಕೋಲಿನ ಪಕ್ಕದಲ್ಲಿ ಇನ್ನೆರಡು ಗಿಡ್ಡ ಕೋಲುಗಳು. ಒಂದು, ಮುಂದಿನ ಚಕ್ರಗಳಿಗೆ ಶಕ್ತಿ ಕೊಡುವುದಕ್ಕೆ. ಇನ್ನೊಂದು, ಏರಿನಲ್ಲಿ ನಿಧಾನವಾಗಿ, ಹೆಚ್ಚು ಬಲದಿಂದ ಎಳೆಯುವುದಕ್ಕೆ. ಚಿಕ್ಕಪ್ಪ ಸುತ್ತ ನೆರೆದವರಿಗೆ ಆ ಕೋಲುಗಳನ್ನು ಎಳೆದು ತೋರಿಸಿದರು. ಎರಡೂ ಸರಾಗವಾಗಿ ಬಂದವು, ಎಂಜಿನ್ನಿನ ಸದ್ದೂ ಬದಲಾಯಿತು. ಶಿವಮೊಗ್ಗದ ಒಣ ರಸ್ತೆಯಲ್ಲಿ ಓಡಿಸಿ ನೋಡಿದಾಗಲೂ ಹೀಗೆಯೇ ಇತ್ತಂತೆ. ಅಪ್ಪಯ್ಯನ ಮುಖದ ಮೇಲಿನ ಆ ದಿನದ ತೃಪ್ತಿಯನ್ನು ನಾನು ಮತ್ತೆಂದೂ ಕಾಣಲಿಲ್ಲ.

ಜುಲೈ ತಿಂಗಳ ಒಂದು ರಾತ್ರಿ ಅಕ್ಕನಿಗೆ ನೋವು ಕಾಣಿಸಿಕೊಂಡಿತು. ಸೂಲಗಿತ್ತಿ ನೋಡಿ, ಮಗು ಅಡ್ಡವಾಗಿದೆ, ತನ್ನಿಂದಾಗದು, ತೀರ್ಥಹಳ್ಳಿಗೆ ಒಯ್ಯಿರಿ ಎಂದಳು. ಅಪ್ಪಯ್ಯ ಗಾಬರಿಯಾಗಲಿಲ್ಲ, ಜೀಪು ಇತ್ತಲ್ಲ! ಅಕ್ಕನನ್ನು ಹಿಂದೆ ಮಲಗಿಸಿ, ಅಮ್ಮ ಮತ್ತು ಸೂಲಗಿತ್ತಿ ಪಕ್ಕದಲ್ಲಿ ಕುಳಿತರು. ನಾನು ಹದಿನೇಳರ ಹುಡುಗ, ಬ್ಯಾಟರಿ ಹಿಡಿದು ಹಿಂದಿನಿಂದ ನಡೆದೆ. ಹಳ್ಳವನ್ನು ಜೀಪು ಚೆನ್ನಾಗಿಯೇ ದಾಟಿತು. ಏರಿನ ಕಾಲುಭಾಗ ಹತ್ತಿ ನಿಂತಿತು. ಚಿಕ್ಕಪ್ಪ ಎರಡೂ ಗಿಡ್ಡ ಕೋಲುಗಳನ್ನು ಹಾಕಿದರು. ಎಂಜಿನ್ನು ಅಬ್ಬರಿಸಿತು, ಹಿಂದಿನ ಚಕ್ರಗಳು ಗಿರಗಿರನೆ ತಿರುಗಿ ಕೆಸರನ್ನು ನನ್ನ ಎದೆಗೆ ಎರಚಿದವು. ನಾನು ಮುಂದಕ್ಕೆ ಹೋಗಿ ಬ್ಯಾಟರಿ ಬಿಟ್ಟೆ. ಮುಂದಿನ ಎರಡು ಚಕ್ರಗಳೂ ಕಲ್ಲಿನಂತೆ ನಿಂತಿದ್ದವು.

"ಅಪ್ಪಯ್ಯ, ಮುಂದಿನವು ತಿರುಗುತ್ತಿಲ್ಲ" ಎಂದು ಕೂಗಿದೆ. ಅವರು ನಂಬಲಿಲ್ಲ. ಬಂದು ನೋಡಿದರು. ಆ ಕ್ಷಣದಲ್ಲಿ ಅವರೇನೂ ಮಾತಾಡಲಿಲ್ಲ.

ಕಂಬಳಿಗೆ ಗಳು ಕಟ್ಟಿ, ಅಕ್ಕನನ್ನು ಹೊತ್ತುಕೊಂಡು ಮಳೆಯಲ್ಲಿ ಟಾರು ರಸ್ತೆಯವರೆಗೆ ನಡೆದೆವು. ಅಲ್ಲಿ ಒಂದು ಮರದ ಲಾರಿ ಸಿಕ್ಕಿತು. ಅಕ್ಕ ಉಳಿದಳು. ಮಗು ಉಳಿಯಲಿಲ್ಲ. ಗಂಡುಮಗು.

ಹತ್ತು ದಿನದ ಮೇಲೆ ತೀರ್ಥಹಳ್ಳಿಯ ಮೆಕ್ಯಾನಿಕ್ ಸಾಹೇಬರು ಜೀಪಿನ ಮುಂದಿನ ಒಂದು ಚಕ್ರವನ್ನು ಜಾಕಿನಿಂದೆತ್ತಿ, ಕೈಯಲ್ಲಿ ತಿರುಗಿಸಿ, "ಭಟ್ಟರೇ, ಬಗ್ಗಿ ನೋಡಿ. ಈ ಚಕ್ರ ತಿರುಗಿದರೆ ಅಡಿಯಲ್ಲಿ ಒಂದು ಉದ್ದ ಶಾಫ್ಟು ತಿರುಗಬೇಕು. ಶಾಫ್ಟೇ ಇಲ್ಲ" ಎಂದರು. ಎಂಜಿನ್ನಿನ ಶಕ್ತಿಯನ್ನು ಮುಂದಿನ ಅಚ್ಚಿಗೆ ಒಯ್ಯುವ ಕಬ್ಬಿಣದ ದಂಡವನ್ನು ಯಾರೋ ಎಂದೋ ಬಿಚ್ಚಿ ತೆಗೆದಿದ್ದರು. ಕೋಲುಗಳು ಚಲಿಸುತ್ತಿದ್ದವು, ಒಳಗಿನ ಹಲ್ಲುಚಕ್ರಗಳು ಕೂಡಿಕೊಂಡು ಸದ್ದನ್ನೂ ಬದಲಿಸುತ್ತಿದ್ದವು, ಆದರೆ ಮುಂದಿನ ಚಕ್ರಗಳಿಗೆ ಹೋಗುವ ದಾರಿಯೇ ಕಡಿದಿತ್ತು. ಒಣ ರಸ್ತೆಯಲ್ಲಿ ಇದು ಯಾರಿಗೂ ತಿಳಿಯುವುದಿಲ್ಲ. ಸಾಹೇಬರು ಬೋಲ್ಟುಗಳ ತಲೆಯ ಮೇಲಿದ್ದ ಎಫ್ ಎಂಬ ಅಕ್ಷರ ತೋರಿಸಿ, ಇದು ಫೋರ್ಡಿನವರು ಕಟ್ಟಿದ ಜೀಪು, ಆದರೆ ಎಂಜಿನ್ನು ವಿಲ್ಲಿಸ್ಸಿನದು, ಎರಡು ಜೀಪು ಸೇರಿಸಿ ಒಂದು ಮಾಡಿದ್ದಾರೆ ಎಂದೂ ಹೇಳಿದರು. ಎರಡು ಕಂಪನಿಗಳ ಭಾಗಗಳೂ ಒಂದಕ್ಕೊಂದು ಹೊಂದುವಂತೆ ಸೇನೆ ಮಾಡಿಸಿದ್ದ ಏರ್ಪಾಟು ಹಳೆಯ ಗಾಡಿ ಮಾರುವವರಿಗೆ ಹೀಗೆ ಒದಗಿಬಂದಿತ್ತು.

ಮಾರಿದವರ ಮನೆಗೆ ಹೋಗಿ ಜಗಳ ಮಾಡಬೇಕೆಂದು ಚಿಕ್ಕಪ್ಪ ಹೊರಟರು, ನಾನೂ ಹೊರಟೆ. ಅಪ್ಪಯ್ಯ ತಡೆದರು. "ಅವನು ಇದೆ ಎಂದ, ನಾನು ಬಗ್ಗಿ ನೋಡಲಿಲ್ಲ" ಎಂದಷ್ಟೇ ಹೇಳಿದರು. ಆಗ ಇದು ನನಗೆ ಹೇಡಿತನವಾಗಿ ಕಂಡಿತ್ತು. ಹಲವು ವರ್ಷ ಈ ಕಾರಣಕ್ಕೆ ಅವರೊಡನೆ ಸರಿಯಾಗಿ ಮಾತಾಡಿರಲಿಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು. ಕಂಟ್ರಾಕ್ಟರರಿಗೆ ಶಾಫ್ಟು ಇಲ್ಲದ್ದು ಗೊತ್ತಿತ್ತೋ, ಅವರೂ ಹಾಗೆಯೇ ಕೊಂಡಿದ್ದರೋ, ಈಗ ಕೇಳಲು ಯಾರೂ ಉಳಿದಿಲ್ಲ. ಹಳೆಯ ಸಾಮಾನಿನಿಂದ ಒಂದು ಶಾಫ್ಟು ತಂದು ಹಾಕಿದ ಮೇಲೆ ಆ ಜೀಪು ಹದಿನಾಲ್ಕು ವರ್ಷ ಅದೇ ಏರನ್ನು ಹತ್ತಿತು. ಎಷ್ಟೋ ಮನೆಗಳ ಬಾಣಂತಿಯರನ್ನೂ ರೋಗಿಗಳನ್ನೂ ಹೊತ್ತಿತು. ಅಪ್ಪಯ್ಯ ಯಾರಿಂದಲೂ ಪೆಟ್ರೋಲಿನ ಕಾಸು ತೆಗೆದುಕೊಳ್ಳುತ್ತಿರಲಿಲ್ಲ. ಅಕ್ಕ ಮಾತ್ರ ಮತ್ತೆ ಅದರಲ್ಲಿ ಕೂರಲಿಲ್ಲ.

ಅಧ್ಯಾಪಕನಾದ ಮೇಲೆ 1948ರ ಪ್ರಕರಣವನ್ನು ಓದಿದಾಗ ನಾನು ಮೆನನ್ನರನ್ನು ಇತರರಷ್ಟು ಕಠಿಣವಾಗಿ ಕಾಣದೆ ಹೋದದ್ದಕ್ಕೆ ಅಪ್ಪಯ್ಯನೇ ಕಾರಣ. ಕಾಶ್ಮೀರದಲ್ಲಿ ಸೈನಿಕರು ಕಾಯುತ್ತಿರುವಾಗ ಆತುರಪಟ್ಟವರನ್ನು ನಾನು ಕ್ಷಮಿಸಬಲ್ಲೆ. ಪ್ರಕರಣ ಮುಗಿಯಿತೆಂದು ಕಡತ ಮುಚ್ಚಿದವರನ್ನು ಕ್ಷಮಿಸುವುದು ನನಗೆ ಕಷ್ಟ. ತಾನು ಬಗ್ಗಿ ನೋಡಲಿಲ್ಲವೆಂಬ ಒಂದು ಮಾತನ್ನು ಅಲ್ಲಿ ಯಾರೂ ಹೇಳಲಿಲ್ಲ.

ಶಿವಮೊಗ್ಗದಲ್ಲಿ ಆ ಇಸುಜು ಗಾಡಿ ಹೊಳೆಯುವಂತೆ ತೊಳೆದು ನಿಂತಿತ್ತು. ಗಿಡ್ಡ ಕೋಲುಗಳಿಲ್ಲ, ತಿರುಗಿಸುವ ಒಂದು ಗುಂಡಿ. ಹುಡುಗ ತಿರುಗಿಸಿದ, ಮುಂದೆ ಒಂದು ದೀಪ ಹತ್ತಿತು. "ಆಯಿತಲ್ಲ ಅಜ್ಜ" ಎಂದ. ಆಗಲಿಲ್ಲವೆಂದೆ. ಗ್ಯಾರೇಜಿಗೆ ಒಯ್ದು ನಾಲ್ಕು ಚಕ್ರಗಳನ್ನೂ ನೆಲದಿಂದ ಮೇಲೆತ್ತಿಸಿ, ಗುಂಡಿ ತಿರುಗಿಸಿ ಓಡಿಸಬೇಕೆಂದು ಹಟ ಹಿಡಿದೆ. ಮಾರುವವರಿಗೆ ಬೇಸರವಾಯಿತು, ಅವರು ಸಭ್ಯರು, ತೋರಗೊಡಲಿಲ್ಲ. ಗಾಡಿ ಮೇಲೇರಿತು. ನಾಲ್ಕು ಚಕ್ರಗಳೂ ಗಾಳಿಯಲ್ಲಿ ತಿರುಗಿದವು. ನನ್ನ ಮೊಣಕಾಲು ಈಗ ಸಹಕರಿಸುವುದಿಲ್ಲ, ಆದರೆ ಗಾಡಿ ಮೇಲಿದ್ದುದರಿಂದ ಬಗ್ಗುವ ಅಗತ್ಯ ಬೀಳಲಿಲ್ಲ. ಶಾಫ್ಟು ಇತ್ತು, ಅದರ ಕೀಲುಗಳಲ್ಲಿ ಗ್ರೀಸೂ ಇತ್ತು. ಚಾಸಿಯ ಹಿಂಭಾಗದಲ್ಲಿ ಮಾತ್ರ ಸ್ವಲ್ಪ ತುಕ್ಕು. ಅದನ್ನು ತೋರಿಸಿ ಹುಡುಗ ಬೆಲೆ ಇಳಿಸಿಕೊಂಡ.

ಹಿಂದಿರುಗುವಾಗ ನಮ್ಮ ಹಳೆಯ ಮನೆಯ ದಾರಿಯಲ್ಲಿ ಹೋಗೋಣವೆಂದೆ. ಹಳ್ಳಕ್ಕೆ ಈಗ ಸೇತುವೆಯಾಗಿದೆ, ಏರಿಗೆ ಕಾಂಕ್ರೀಟು ಹಾಕಿದ್ದಾರೆ. ಸ್ಕೂಟರು ಸಹ ಹತ್ತುತ್ತದೆ. ಆದರೂ ಏರಿನ ಬುಡದಲ್ಲಿ ನಿಲ್ಲಿಸಿ, ಗುಂಡಿ ತಿರುಗಿಸೆಂದು ಅವನಿಗೆ ಹೇಳಿದೆ. ಏಕಜ್ಜ, ಇಲ್ಲಿ ಅದೇನೂ ಬೇಡವಲ್ಲ ಎಂದು ಕೇಳಿದ. ಅವನ ಅಜ್ಜಿಗೆ ಅವನ ಅಪ್ಪನಿಗಿಂತ ಮುಂಚೆ ಒಂದು ಮಗುವಾಗಿತ್ತೆಂದು ಅವನಿಗೆ ತಿಳಿದಿರಲಿಲ್ಲ. ಏರು ಹತ್ತಿದ ಮೇಲೆ ಗಾಡಿ ನಿಲ್ಲಿಸಿಸಿ, ಹೇಳಿದೆ.