'ಕೂಡು' ಎಂಬ ನುಡಿ

ಎರಡನ್ನು ಒಂದಾಗಿಸುವ ಕಾರ್ಯಕ್ಕೆ ಕನ್ನಡದಲ್ಲಿ ಮಾತುಗಳ ಬಡತನವಿಲ್ಲ. ಬಡಗಿ ಜೋಡಿಸುತ್ತಾನೆ, ಅಕ್ಕಸಾಲೆ ಬೆಸೆಯುತ್ತಾನೆ, ಸಿಂಪಿಗ ಹೊಲಿಯುತ್ತಾನೆ. ಆದರೆ ವಸ್ತುವಿಗೂ ನದಿಗೂ ಮನುಷ್ಯನಿಗೂ ಸಮನಾಗಿ ಸಲ್ಲುವ ಪ್ರಾಚೀನ ಧಾತು 'ಕೂಡು' ಎಂಬುದು. ತಮಿಳು ತೆಲುಗುಗಳಿಗೂ ಇದು ಒಡಹುಟ್ಟಿದ ಮಾತು.

ದಿನದ ಬಾಳಿನಲ್ಲಿ ಇದರ ರೂಪಗಳನ್ನು ನಾವು ಎಣಿಸಿದವರಲ್ಲ. ಲೆಕ್ಕದಲ್ಲಿ ಕೂಡಿಸುತ್ತೇವೆ, ಮದುವೆಗೆ ಕಾಲ ಕೂಡಿ ಬರುತ್ತದೆ, ಹಿಡಿದ ಕೆಲಸ ಕೈಗೂಡುತ್ತದೆ. ಜನ ನೆರೆದರೆ ಕೂಟ. 'ಅವನ ಕೂಡ ಹೋದೆ' ಎನ್ನುವಲ್ಲಿ ಸಂಗಾತ, 'ಬಂದ ಕೂಡಲೆ' ಎನ್ನುವಲ್ಲಿ ಕಾಲದ ಸಾಮೀಪ್ಯ. ನಿಷೇಧವನ್ನು ಹೇಳುವ 'ಕೂಡದು' ಸಹ ಇದರ ಕುಡಿಯೇ. ಹೊಂದಿಕೆಯಾಗದ್ದು ಮಾಡತಕ್ಕದ್ದಲ್ಲವೆಂಬ ವಿವೇಕ ಅದರಲ್ಲಡಗಿದೆ.

ನದಿಗಳು ಸೇರುವೆಡೆಗಳಿಗೆ ನಮ್ಮ ಹಿರಿಯರು ಇದೇ ಧಾತುವಿನಿಂದ ಹೆಸರಿಟ್ಟರು. ತುಂಗೆಯೂ ಭದ್ರೆಯೂ ಒಂದಾಗುವ ಊರು ಕೂಡಲಿ. ಕಾವೇರಿಗೆ ಹಾರಂಗಿ ಸೇರುವಲ್ಲಿ ಕೂಡಿಗೆ. ಕೃಷ್ಣೆ ಮಲಪ್ರಭೆಗಳ ಕೂಡಲಸಂಗಮವನ್ನು ಅರಿಯದ ಕನ್ನಡಿಗನಿಲ್ಲ. ಬಸವಣ್ಣನವರ ಅಂಕಿತದಲ್ಲಿ ಒಂದೇ ಅರ್ಥದ ಕನ್ನಡ ಪದವೂ ಸಂಸ್ಕೃತ ಪದವೂ ಕೈಹಿಡಿದು ನಿಂತಿವೆ.

ನಮ್ಮ ಸೊಲ್ಲಾಪುರ ಜಿಲ್ಲೆಗೂ ಅಂಥದೊಂದು ಕೂಡಲವುಂಟು. ದಕ್ಷಿಣ ಸೊಲ್ಲಾಪುರ ತಾಲೂಕಿನ ಹತ್ತರಸಂಗ ಕೂಡಲದಲ್ಲಿ ಸೀನಾ ನದಿ ಭೀಮೆಯನ್ನು ಸೇರುತ್ತದೆ. ಅಲ್ಲಿಯ ಸಂಗಮೇಶ್ವರ ದೇವಾಲಯದಲ್ಲಿ ಶಕ 940ರ, ಎಂದರೆ ಕ್ರಿ.ಶ. 1018ರ ಶಾಸನವೊಂದಿದೆ. ಮರಾಠಿಯ ಅತಿ ಪ್ರಾಚೀನ ಶಾಸನಗಳಲ್ಲಿ ಅದೊಂದೆಂದು ವಿದ್ವಾಂಸರು ಗಣಿಸಿದ್ದಾರೆ. ಅಂದು ಈ ನಾಡು ಕಲ್ಯಾಣದ ಚಾಳುಕ್ಯರದು. ಊರಿನ ಹೆಸರು ಕನ್ನಡದ್ದು, ಕಲ್ಲಿನ ನುಡಿ ಮರಾಠಿಯದು. ಒಂದು ಮತ್ತೊಂದನ್ನು ಹೊರಗಟ್ಟಲಿಲ್ಲ. ಇದೇ ಮಣ್ಣಿನ ಜಯದೇವಿತಾಯಿ ಲಿಗಾಡೆಯವರು ಕನ್ನಡದಲ್ಲಿ ಸಿದ್ಧರಾಮನ ಪುರಾಣವನ್ನು ರಚಿಸಿದರು, ವಚನಗಳನ್ನು ಮರಾಠಿಗೂ ಒಯ್ದರು. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಸೊಲ್ಲಾಪುರ ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು; 1960ರಲ್ಲಿ ಮಹಾರಾಷ್ಟ್ರದ್ದಾಯಿತು. ಕೂಡಲದಿಂದ ಕೆಳಗೆ ಭೀಮೆಯೇ ಕೆಲವು ದೂರ ಗಡಿಯಾಗಿ ಹರಿಯುತ್ತಾಳೆ. ಕೂಡಿಸಿದ ನದಿಯೇ ಇಂದು ಬೇರ್ಪಡಿಸುವ ಗೆರೆಯೂ ಆಗಿದೆ.

ಮರಾಠಿ ಶಾಲೆಗೆ ಹೋಗುವ ನಮ್ಮ ಮಕ್ಕಳು ಅಲ್ಲಿ 'ಬೇರೀಜ' ಕಲಿಯುತ್ತಾರೆ. ಕಲಿಯಲಿ, ಅದೂ ಕೂಡಿಸುವ ವಿದ್ಯೆಯೇ. ಆದರೆ ಮನೆಗೆ ಬಂದ ಮಗುವಿಗೆ 'ಎಲ್ಲಿ, ಕೂಡಿಸಿ ತೋರಿಸು' ಎನ್ನುವ ತಾಯಿಯ ಮಾತು ನಿಲ್ಲಕೂಡದು. ಆ ಮಾತು ನಿಂತ ದಿನ ಊರ ಹೆಸರು ಉಳಿದರೂ ಅದರ ಅರ್ಥ ಹೇಳುವವರಿರಲಾರರು. ಹೊಸದನ್ನು ಕೂಡಿಸಿಕೊಳ್ಳುವಾಗ ಹಳೆಯದನ್ನು ಕಳೆಯದಿರುವುದೇ ನಾವು ಕಲಿಯಬೇಕಾದ ಲೆಕ್ಕ.