ಬೆಳ್ಳಿ ರೂಪಾಯಿಯ ಬಾಗಿಲಲ್ಲೊಂದು ಅಕ್ಷರ

ಗಂಗಾವತಿ ಸೀಮೆಯ ಹನುಮನಹಳ್ಳಿ ತುಂಗಭದ್ರೆಯ ಉತ್ತರ ದಂಡೆಯ ಊರು. ಹೊಳೆಯಾಚೆ ಹಂಪಿ. ಹಿಂದೆ ಇಲ್ಲಿ ಹರಿಗೋಲು ಹತ್ತಿದವನು ಹೊಳೆಯ ಜೊತೆಗೆ ರಾಜ್ಯವನ್ನೂ ದಾಟುತ್ತಿದ್ದ. ಈ ದಂಡೆ ನಿಜಾಮರ ಹೈದರಾಬಾದ್ ಸಂಸ್ಥಾನ, ಆ ದಂಡೆ ಬ್ರಿಟಿಷರ ಮದರಾಸು ಪ್ರಾಂತ್ಯ. ಇಲ್ಲಿ ನಡೆಯುತ್ತಿದ್ದುದು ಹಾಲಿ ಸಿಕ್ಕಾ, ಅಲ್ಲಿ ಕಲ್ದಾರ್. 'ಹಾಲಿ' ಎಂದರೆ ಚಾಲ್ತಿಯಲ್ಲಿರುವುದು. 'ಹಾಲಿ ಶಾಸಕ' ಎನ್ನುವಾಗ ಇಂದಿಗೂ ನಾವು ಬಳಸುವುದು ಅದೇ ಶಬ್ದ.

ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ ಎಂಬುದು ಸಂಸ್ಥಾನದ ಕೊನೆಯ ಕಾಲದ ಲೆಕ್ಕ. ಈ ಲೆಕ್ಕ ಬೆಳ್ಳಿಯಲ್ಲೇ ಇತ್ತು. ಹಳೆಯ ಕಲ್ದಾರಿನಲ್ಲಿ ಸುಮಾರು 10.7 ಗ್ರಾಂ ಅಪ್ಪಟ ಬೆಳ್ಳಿ. ಚಾರ್‌ಮಿನಾರ್ ಚಿತ್ರದ ಹಳೆಯ ಹಾಲಿ ರೂಪಾಯಿಯಲ್ಲಿ 9.1 ಗ್ರಾಂ.

ಬೆಳ್ಳಿಗೆ ಗುರುತು ಹಾಕುವುದು ಲೋಕದ ಹಳೆಯ ರೂಢಿ. ಐರ್ಲೆಂಡಿನ ಡಬ್ಲಿನ್ ನಗರದ ಅಕ್ಕಸಾಲಿಗರ ಸಂಘಕ್ಕೆ 1637ರಲ್ಲಿ ರಾಜಸನ್ನದು ದೊರೆಯಿತು. ಅಲ್ಲಿನ ಹಳೆಯ ಚಮಚಗಳ ಹಿಡಿಯ ಹಿಂದೆ ಕಿರೀಟ ಹೊತ್ತ ತಂತಿವಾದ್ಯದ ಮುದ್ರೆಯ ಜೊತೆಗೆ ಮಾಡಿದವನ ಹೆಸರಿನ ಮೊದಲಕ್ಷರಗಳಿರುತ್ತವೆ. ನಮ್ಮ ಹಾಲಿ ರೂಪಾಯಿಯ ಮೇಲೂ ಅಂಥದೇ ಅಕ್ಷರವುಂಟು. ಚಾರ್‌ಮಿನಾರಿನ ಬಾಗಿಲ ನಡುವೆ ನೋಡಿ: 'ಮೀಮ್' ಇದ್ದರೆ ಮೀರ್ ಮಹಬೂಬ್ ಅಲಿ ಖಾನರ ಕಾಲದ್ದು, 'ಐನ್' ಇದ್ದರೆ 1911ರಲ್ಲಿ ಪಟ್ಟಕ್ಕೆ ಬಂದ ಮೀರ್ ಉಸ್ಮಾನ್ ಅಲಿ ಖಾನರದ್ದು.

1857ರ ದಂಗೆಯವರೆಗೂ ಹೈದರಾಬಾದಿನ ನಾಣ್ಯದ ಮೇಲಿದ್ದುದು ದಿಲ್ಲಿಯ ಮೊಗಲ್ ಬಾದಶಹರ ಹೆಸರು. ದಿಲ್ಲಿಯ ಅಧಿಕಾರ ಹೋಗಿ ಎಷ್ಟೋ ಕಾಲವಾದರೂ ಹೆಸರು ಉಳಿದಿತ್ತು. ಆಮೇಲೆ ಆ ಜಾಗಕ್ಕೆ ಆಸಫ್ ಜಾಹ್ ಎಂಬ ಬಿರುದು ಬಂತು.

ಇಸವಿ ಓದುವಾಗ ಮಾತ್ರ ಎಚ್ಚರ ಬೇಕು. ನಾಣ್ಯದ ಮೇಲಿರುವುದು ಹಿಜರಿ. 1337 ಎಂದಿದ್ದರೆ ಅದು 1918-19. ನಿಜಾಮರ ಕಾಲದ ಜಮೀನು ಕಾಗದಗಳಲ್ಲಿರುವುದು ಫಸಲಿ. ಅದಕ್ಕೆ 590 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ. ಎರಡನ್ನೂ ಒಂದೇ ಎಂದುಕೊಂಡರೆ ಲೆಕ್ಕ ಸುಮಾರು ಒಂಬತ್ತು ವರ್ಷ ತಪ್ಪುತ್ತದೆ.

ನಾಣ್ಯದ ಮೇಲೆ 92 ಎಂಬ ಅಂಕಿಯೂ ಇದೆ. ಅದು ಇಸವಿಯಲ್ಲ. ಅಕ್ಷರಗಳಿಗೆ ಬೆಲೆ ಕಟ್ಟುವ ಅಬ್ಜದ್ ಲೆಕ್ಕದಲ್ಲಿ ಮೀಮ್ 40, ಹೇ 8, ಮೀಮ್ 40, ದಾಲ್ 4. ಕೂಡಿಸಿದರೆ 'ಮುಹಮ್ಮದ್' ಎಂಬ ಹೆಸರು. ಲಕ್ಷ್ಮೀಪೂಜೆಗೆ ಬೆಳ್ಳಿ ರೂಪಾಯಿ ಇಡುವ ವಾಡಿಕೆ ನಮ್ಮ ಕಡೆ ಹಳೆಯದು. ತಟ್ಟೆಯಲ್ಲಿದ್ದುದು ಚಾರ್‌ಮಿನಾರ್ ರೂಪಾಯಿಯಾಗಿದ್ದರೆ ಈ 92 ಕೂಡ ಅಲ್ಲೇ ಇತ್ತು, ಪೂಜೆಯೂ ನಡೆಯಿತು. ಅತ್ತ 1918ರಿಂದ ಬಂದ ಹೈದರಾಬಾದಿನ ನೋಟುಗಳಲ್ಲಿ ಉರ್ದುವಿನ ಜೊತೆಗೆ ಕನ್ನಡ, ತೆಲುಗು, ಮರಾಠಿಯಲ್ಲೂ ಮೊತ್ತ ಬರೆದಿರುತ್ತಿತ್ತು. ಈ ಲಿಪಿ ನಮ್ಮದು, ಆ ಲಿಪಿ ಅವರದು ಎಂದು ಗೆರೆ ಎಳೆಯುವವರು ಈ ನಾಣ್ಯ-ನೋಟುಗಳನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು.

ಹಾಲಿ ಸಿಕ್ಕಾ 1959ರ ಹೊತ್ತಿಗೆ ಪೂರ್ಣ ನಿಂತಿತು. ಹೈದರಾಬಾದಿನ ಟಂಕಸಾಲೆ 1950ರಲ್ಲಿ ಭಾರತ ಸರ್ಕಾರದ್ದಾಯಿತು. ಅಲ್ಲಿ ಅಚ್ಚಾಗುವ ನಾಣ್ಯದಲ್ಲಿ ಇಸವಿಯ ಕೆಳಗೆ ಪುಟ್ಟ ನಕ್ಷತ್ರವಿರುತ್ತದೆ. ಆದರೆ ಮನೆಗಳಲ್ಲಿ ಉಳಿದ ಹಳೆಯ ರೂಪಾಯಿ ಮೂಸೆಗೆ ಬಿದ್ದರೆ ಬೆಳ್ಳಿ ಉಳಿಯುತ್ತದೆ, ಅಕ್ಷರ ಹೋಗುತ್ತದೆ. ಅಜ್ಜಿಯ ಪೆಟ್ಟಿಗೆಯಲ್ಲಿ ಅಂಥದೊಂದು ಸಿಕ್ಕರೆ ಅಕ್ಕಸಾಲಿಗನ ಬಳಿ ಒಯ್ಯುವ ಮುನ್ನ ಉರ್ದು ಬಲ್ಲ ನೆರೆಯವರೊಬ್ಬರಿಗೆ ತೋರಿಸಿ. ಅದರ ಮೇಲಿರುವುದನ್ನು ಓದಿಸಿ, ಬರೆದಿಟ್ಟುಕೊಳ್ಳಿ.